ಟೀಪಾಯಿಯ ಮೇಲಿನ ತಾಳ

ಹೆಣ್ಣು ನೋಡಲು ಬಂದಿದ್ದ ಹುಡುಗ ಉಪ್ಪಿಟ್ಟು ಮುಗಿಸಿ, ಟೀಪಾಯಿಯ ಮೇಲೆ ಬೆರಳಲ್ಲಿ ತಾಳ ಹಾಕತೊಡಗಿದ. ನನ್ನ ಮಗಳು ಥಟ್ಟನೆ ತಲೆಯೆತ್ತಿದಳು.

“ಇದು ಅರೋರಾ ಡ್ರಮ್ ತಂಡದ ಬೀಟ್ ಅಲ್ವಾ?”

“ಹೌದು! ಹೈಸ್ಕೂಲ್ ಪೂರ್ತಿ ಅಲ್ಲೇ ಇದ್ದೆ. ನೀವು?”

“ಪಿಕರಿಂಗ್ ತಂಡ.”

ಇಬ್ಬರ ಮುಖವೂ ಬಿಗಿದುಕೊಂಡಿತು. ತೊಂಬತ್ತರ ದಶಕದಲ್ಲಿ ಈ ಪರದೇಶದ ಬೇಸಿಗೆ ಡ್ರಮ್ ಸ್ಪರ್ಧೆಗಳಲ್ಲಿ ಈ ಎರಡು ಊರುಗಳ ತಂಡಗಳ ಮಕ್ಕಳು ಒಬ್ಬರ ನೀರಿನ ಬಾಟಲಿಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಜಾತಕ, ಗೋತ್ರ ಎಲ್ಲ ಕೂಡಿಬಂದಿತ್ತು. ಅವರು ಹೊರಟೊಡನೆ ಮಗಳು, “ಅಮ್ಮಾ, ಅರೋರಾದವನಾ? ನೋ ವೇ!” ಎಂದಳು. ಸಂಜೆಗೆ ಹುಡುಗನ ತಾಯಿಯ ಫೋನೂ ಬಂತು: “ನಮ್ಮ ಹುಡುಗ ಒಲ್ಲೆ ಅಂತಾನ್ರೀ. ಹುಡುಗಿ ಪಿಕರಿಂಗ್ ತಂಡದಾಕಿ ಅಂತ!”

ಇಲ್ಲಿ ಬೆಳೆದ ಮಕ್ಕಳಿಗೆ ಕುಲಗೋತ್ರದ ಗೊಡವೆಯೇ ಇಲ್ಲವೆಂದು ಕೊರಗುತ್ತಿದ್ದೆ. ಕೊರಗಬೇಕಿರಲಿಲ್ಲ. ಅವರದು ನಮಗಿಂತ ಕಟ್ಟುನಿಟ್ಟು.