ತೋಟದಮ್ಮನ ಪೀಪಾಯಿ

ತೋಟದಮ್ಮನ ಹಿಮ್ಮಡಿಗಳು ವರ್ಷವಿಡೀ ನೇರಳೆ ಬಣ್ಣ. ದ್ರಾಕ್ಷಿ ತುಳಿದು ತುಳಿದು ಒಡಕಿನೊಳಗೆ ಇಳಿದ ರಸ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಹಿಮ್ಮಡಿ ಊರಿ, ಸೊಂಟದ ಮೇಲೆ ಕೈಯಿಟ್ಟು, ನಾನು ಕೆಲಸ ಮಾಡುವಷ್ಟು ಹೊತ್ತೂ ತಲೆಯ ಹಿಂದೆಯೇ ನಿಂತಿರುತ್ತಿದ್ದರು. ನೆನೆಸಿಕೊಂಡರೆ ಈಗಲೂ ಬೆನ್ನು ಚುರುಗುಟ್ಟುತ್ತದೆ.

ಜರಗನಹಳ್ಳಿ ದಾಟಿ, ಕನಕಪುರ ರಸ್ತೆ ಬಿಟ್ಟು, ಮಣ್ಣುದಾರಿಯಲ್ಲಿ ಒಂದು ಮೈಲಿ ಹೋದರೆ ಅವರ ತೋಟ. ಮೂರು ಎಕರೆ ನೀಲಿ ದ್ರಾಕ್ಷಿ, ಒಂದು ಕಲ್ಲುಚಪ್ಪಡಿಯ ಕೊಟ್ಟಿಗೆ, ಅದರೊಳಗೆ ಒದ್ದೆ ಗೋಣಿ ಹೊದ್ದು ಮಲಗಿದ ಪೀಪಾಯಿಗಳು. ಗಂಡ ತೀರಿಕೊಂಡ ಮೇಲೆ ತಾಯಿ, ಮಗ ಇಬ್ಬರೇ ಚರ್ಚಿನ ಪೂಜೆಗೆ ಬೇಕಾದ ದ್ರಾಕ್ಷಾರಸ ಮಾಡುತ್ತಿದ್ದರು.

ನಾನು ಸಾರಕ್ಕಿಯ ಬಡಗಿ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟು ಉಳಿ ಹಿಡಿದವನು. ಜಯನಗರದಲ್ಲಿ ಆಗ ಸಾಲುಸಾಲಾಗಿ ಮನೆ ಏಳುತ್ತಿದ್ದವು. ಇಂಜಿನಿಯರುಗಳೇ ನಾನು ಕೂರಿಸಿದ ಬಾಗಿಲನ್ನು ತಟ್ಟಿ ನೋಡಿ ತಲೆಯಾಡಿಸುತ್ತಿದ್ದರು. ಅಂಥವನನ್ನು ಈ ಹೆಂಗಸು ಒಂದು ಪೀಪಾಯಿಗೆ ಹತ್ತು ದಿನ ತಿರುಗಾಡಿಸಿದರು.

ದಂಡಿನ ಕಡೆಯಿಂದ, ಅಂದರೆ ಕಂಟೋನ್ಮೆಂಟಿನಿಂದ ತಂದ ಹಳೇ ಪೀಪಾಯಿ ಅದು. ಆರು ಹಲಗೆ ಕೊಳೆತಿದ್ದವು. ನಾನು ಹೋಗುವ ಹೊತ್ತಿಗೆ ಹಣ್ಣು ತುಳಿದಾಗಿತ್ತು, ತೊಟ್ಟಿಯಲ್ಲಿ ರಸ ನೊರೆಯೆದ್ದು ಉಕ್ಕುತ್ತಿತ್ತು. ಉಕ್ಕು ಇಳಿದ ಕೂಡಲೇ ಪೀಪಾಯಿಗೆ ತುಂಬಿ ಮುಚ್ಚಬೇಕು, ಇಲ್ಲದಿದ್ದರೆ ವರ್ಷದ ದುಡಿಮೆಯೆಲ್ಲ ಹುಳಿನೀರು. ಅಷ್ಟು ಅವಸರ ಇಟ್ಟುಕೊಂಡು ಆಯಮ್ಮ ಹೇಳಿದ ಮೊದಲ ಮಾತು:

“ಕೈಕಾಲು ತೊಳ್ಕೊಂಡು ಬಾ ಆಚಾರಿ.”

“ನಾನು ಮುಟ್ಟೋದು ಮರ ಅಮ್ಮಾ, ದ್ರಾಕ್ಷಿ ಅಲ್ಲ.”

“ಮರ ದ್ರಾಕ್ಷೀನ ಮುಟ್ಟುತ್ತಲ್ಲಪ್ಪ.”

ತೊಳೆದುಕೊಂಡೆ. ಹೊಸ ಹಲಗೆ ಕೆತ್ತಿ, ಕಬ್ಬಿಣದ ಪಟ್ಟಿ ಬಿಗಿದು ಕೊಟ್ಟೆ. ನೀರು ತುಂಬಿ ಎರಡು ದಿನ ಬಿಟ್ಟರು. ಕೂದಲೆಳೆಯಷ್ಟು ಒಸರಿತು ಅಂತ ಬಿಚ್ಚಿಸಿದರು. ಮತ್ತೆ ಬಿಗಿದೆ, ಮತ್ತೆ ಬಿಚ್ಚಿಸಿದರು. ಮೂರನೇ ಸಲ ಇವರ ಬಾಯಿ ಮುಚ್ಚಿಸಲೇಬೇಕು ಅನ್ನುವ ಹಟಕ್ಕೆ, ಬಾಗಿಲಿಗೆ ಮಾಡುವ ಹಾಗೆ ಹಲಗೆಗಳಿಗೆಲ್ಲ ಒಳಗೂ ಹೊರಗೂ ಹರಳೆಣ್ಣೆ ತಿಕ್ಕಿ ಜೋಡಿಸಿದೆ. ಹನಿ ಒಸರಲಿಲ್ಲ. ಥಳಥಳ ಹೊಳೆಯುತ್ತಿತ್ತು.

ತೋಟದಮ್ಮ ಬಗ್ಗಿ ತಲೆಯನ್ನೇ ಒಳಗೆ ಹಾಕಿ ಮೂಸಿದರು. ನೀರು ತುಂಬಿಸಿ, ಮಧ್ಯಾಹ್ನ ಅದರಿಂದಲೇ ಒಂದು ಲೋಟ ಹಿಡಿದು ನನ್ನ ಮುಂದೆ ಚಾಚಿದರು.

“ಕುಡಿ, ಬಿಸ್ಲಲ್ಲಿ ಬಂದಿದೀಯ. ಹೆಂಗಿದೆ?”

“ನೀರು ನೀರಿನ ಥರಾನೇ ಇದೆ.”

“ಹಂಗಾದ್ರೆ ಇನ್ನೊಂದು ಲೋಟ ತಗೋ.”

ನಾಲಿಗೆಯೆಲ್ಲ ಜಿಡ್ಡು. ಆದರೂ ನಾಲ್ಕು ಲೋಟ ಕುಡಿದೆ. ಸೋಲೊಪ್ಪುವ ಜಾಯಮಾನ ನನ್ನದಲ್ಲ. ಐದನೆಯದಕ್ಕೆ ಕೈ ಚಾಚಿದಾಗ ಅವರೇ ಲೋಟ ಹಿಂದಕ್ಕೆ ಎಳೆದುಕೊಂಡರು.

“ಸಾಕು ಬಿಡಪ್ಪ, ಅದು ಹರಳೆಣ್ಣೆ. ನಾಳೆ ನೀನು ಕೆಲಸಕ್ಕೆ ಬಂದಂಗೇ!”

ಅವರ ಮಗ ಅತ್ತ ತಿರುಗಿ ಭುಜ ಕುಣಿಸಿಕೊಂಡು ನಗುತ್ತಿದ್ದ. ನನಗೆ ತಡೆಯಲಾಗಲಿಲ್ಲ.

“ಹೊಳಪು ಬರ್ಲಿ ಅಂತ ಹಚ್ಚಿದೆ. ಅದೂ ತಪ್ಪಾ?”

“ಹೊಳಪು ಬೇಕಾಗಿದ್ದು ನಿಂಗೆ ಕಣಪ್ಪ. ರಸಕ್ಕಲ್ಲ.”

ಉಳಿ ಚೀಲ ಹೆಗಲಿಗೇರಿಸಿ ಸೈಕಲ್ ಹತ್ತಿದೆ. ಜರಗನಹಳ್ಳಿಯವರೆಗೂ ಬೈದುಕೊಂಡೇ ತುಳಿದೆ. ಅಲ್ಲಿ ಒಂದು ಕಾಲು ನೆಲಕ್ಕೆ ಕೊಟ್ಟು ನಿಂತೆ. ತೊಟ್ಟಿಯಲ್ಲಿ ನೊರೆ ಆಗಲೇ ಇಳಿಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ನಾನು ಹೋಗಿಬಿಟ್ಟರೆ ರಸ ಹಾಳಾಗುವುದು ಅವರ ಹಟದಿಂದಲ್ಲ, ನನ್ನ ಎಣ್ಣೆಯಿಂದ. ಥೂ ಅಂದುಕೊಂಡು ಸೈಕಲ್ ತಿರುಗಿಸಿದೆ.

ಕೊಟ್ಟಿಗೆ ಬಾಗಿಲಲ್ಲಿ ನನ್ನನ್ನು ಕಂಡು ತೋಟದಮ್ಮ ಮುಖವನ್ನೂ ಎತ್ತಲಿಲ್ಲ. “ಕೈಕಾಲು ತೊಳ್ಕೊ” ಅಂದರು.

ಎರಡು ದಿನದಲ್ಲಿ ಎಲ್ಲ ಹಲಗೆಯನ್ನೂ ಬಿಚ್ಚಿ, ಆರು ಹೊಸದಾಗಿ ಕೆತ್ತಿ, ಹಳೆಯವನ್ನು ಎಣ್ಣೆ ಇಳಿದಷ್ಟೂ ಹೆರೆದು ಕೂರಿಸಿದೆ. ರಸ ಉಳಿಯಿತು. ಆಮೇಲೆ ಪ್ರತಿ ವರ್ಷ ಸುಗ್ಗಿಗೆ ಮುಂಚೆ ನನಗೇ ಹೇಳಿಕಳಿಸುತ್ತಿದ್ದರು, ಪ್ರತಿ ವರ್ಷ ಪೀಪಾಯಿಯ ನೀರು ಕುಡಿಸುತ್ತಿದ್ದರು. ಚೆನ್ನಾಗಿದೆ ಅಂತ ಒಂದೇ ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ. ನಾನು ಕೆಲಸ ಕಲಿಸಿದ ಹುಡುಗರೆಲ್ಲ ಈಗ ನನ್ನ ಮೇಲೆ ಹಲ್ಲು ಕಡಿಯುವುದು, ಗೋಡೆ ಕಡೆಗೆ ಹೋಗುವ ಹಲಗೆಯನ್ನೂ ಹತ್ತರಿ ಹೊಡೆಸಿ ನುಣುಪು ಮಾಡಿಸುತ್ತೇನೆ ಅಂತ. ಅದಕ್ಕೆ ಯಾರು ಕಾರಣ ಅಂತ ಅವರಿಗೇನು ಗೊತ್ತು.

ಏಳೆಂಟು ವರ್ಷದ ಮೇಲೆ ಒಂದು ಬೆಳಿಗ್ಗೆ ಅವರ ಮಗ ನನ್ನನ್ನು ಹುಡುಕಿಕೊಂಡು ಜಯನಗರಕ್ಕೆ ಬಂದ.

“ಅಮ್ಮ ಹೋಗ್ಬಿಟ್ರು ಅಣ್ಣ. ಪೆಟ್ಟಿಗೆ ನೀವೇ ಮಾಡ್ಬೇಕು ಅಂತ ಹೇಳಿದ್ರು.” ಆಮೇಲೆ ನೆಲ ನೋಡಿಕೊಂಡು, “ಎಣ್ಣೆ ಡಬ್ಬ ಮನೇಲಿಟ್ಟು ಬರಕ್ಕೇಳು ಅಂದಿದ್ರು” ಅಂದ.

ಹೋಗುವಾಗಲೂ ಬಿಡಲಿಲ್ಲವಲ್ಲ ಈಯಮ್ಮ!

ತೋಟಕ್ಕೆ ಹೋದೆ. ಯಾರೂ ಹೇಳದಿದ್ದರೂ ಕೈಕಾಲು ತೊಳೆದೆ. ಪೆಟ್ಟಿಗೆಯ ಹಲಗೆಗಳಿಗೆ ಹೊರಗೆ ಎಷ್ಟು ಹತ್ತರಿ ಹೊಡೆದೆನೋ ಒಳಗೂ ಅಷ್ಟೇ ಹೊಡೆದೆ. ಮಗನ ಕೈಗೆ ಒಪ್ಪಿಸುವ ಮುಂಚೆ ಬಗ್ಗಿ, ತಲೆಯನ್ನೇ ಒಳಗೆ ಹಾಕಿ ಮೂಸಿದೆ.

ಮರದ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.