ಅಮ್ಮಿಯ ಪರವಾಗಿ ಹೇಳಿದ ಮಾತು

ಕುಬ್ರಾಳಿಗೆ ಭಾನುವಾರ ಅಂದರೆ ನಿದ್ದೆ. ಆರು ವಾರದಿಂದ ಅದಕ್ಕೂ ಕಲ್ಲು ಬಿದ್ದಿತ್ತು. ಬೆಳಗ್ಗೆ ಎದ್ದು ಅಮ್ಮಿಗೆ ಚಹಾ ಕೊಟ್ಟು, ಆರ್.ಟಿ. ನಗರದಿಂದ ಹೆಬ್ಬಾಳಕ್ಕೊಂದು ಬಸ್ಸು, ಅಲ್ಲಿಂದ ಯಲಹಂಕದ ಕಡೆಗೆ ಇನ್ನೊಂದು, ಇಳಿದ ಮೇಲೆ ಅಟ್ಟೂರಿನವರೆಗೆ ನಡಿಗೆ. ನಲವತ್ತಾರು ವರ್ಷದ ಹೆಂಗಸು ಮೂರನೇ ಮಹಡಿ ಹತ್ತಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಜಾಮೀನು, ಪಾಟೀಸವಾಲು, ರಾಜಿ ಎನ್ನುವ ಕೋರ್ಟಿನ ಮಾತುಗಳನ್ನು ಕೈಯಲ್ಲಿ ಹೇಳುವುದು ಹೇಗೆಂದು ಕಲಿಯಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಗೊಣಗಿಕೊಂಡೇ ಅವಳು ಮೆಟ್ಟಿಲು ಹತ್ತುತ್ತಿದ್ದಳು.

ಹಾಗೆ ನೋಡಿದರೆ ಅವಳಿಗೆ ಸನ್ನೆ ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಅಪ್ಪ ಅಕ್ಬರ್ ಪಾಷಾ, ಅಮ್ಮಿ ಆಯೇಷಾ, ಇಬ್ಬರೂ ಹುಟ್ಟು ಕಿವುಡರು. ಅವಳಿಗೆ ನಾಲಿಗೆ ತಿರುಗುವ ಮೊದಲೇ ಕೈ ತಿರುಗಿತ್ತು. ಆರು ವರ್ಷಕ್ಕೆ ಹಾಲಿನವನ ಜೊತೆ ಜಗಳ, ಒಂಬತ್ತಕ್ಕೆ ಬ್ಯಾಂಕು, ಹನ್ನೆರಡಕ್ಕೆ ಆಸ್ಪತ್ರೆ. ದೊಡ್ಡವರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಸನ್ನೆಯಲ್ಲಿ ಹೇಳುತ್ತ ನಿಂತರೆ ಸಾಲಿನಲ್ಲಿ ಹಿಂದಿದ್ದವರು ಸುಮ್ಮನಿರುತ್ತಾರೆಯೇ? ಹುಡುಗಿ ಚುಟುಕು ಮಾಡುವುದನ್ನು ಕಲಿತಳು. ಡಾಕ್ಟರು ಹತ್ತು ನಿಮಿಷ ಹೇಳಿದ್ದು ಅಪ್ಪನಿಗೆ ತಲುಪುವ ಹೊತ್ತಿಗೆ ‘ಉಪ್ಪು ಬೇಡ, ಮಾತ್ರೆ ನುಂಗು’ ಆಗಿರುತ್ತಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅಪ್ಪ ಅಮ್ಮಿಯ ಕಡೆ ತಿರುಗದೆ ತಾನೇ ಹೇಳಿ ಮುಗಿಸುತ್ತಿದ್ದಳು. ಸೋಮಾರಿತನ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ದೊಡ್ಡವರ ಲೋಕವನ್ನು ತಂದು ಮಗುವಿನ ತಲೆ ಮೇಲಿಟ್ಟರೆ ಅದು ಹೊರುವುದು ಹಾಗೆಯೇ.

ಆಮೇಲೆ ಸುತ್ತಮುತ್ತಲ ಕಿವುಡರಿಗೆಲ್ಲ ಅವಳೇ ಬಾಯಿಯಾದಳು. ಯಶವಂತಪುರದಿಂದ ಜಾಲಹಳ್ಳಿಯವರೆಗೆ ಯಾರ ಮನೆಯಲ್ಲಿ ಜಗಳವಾದರೂ, ಯಾರಿಗೆ ಹೆರಿಗೆ ನೋವು ಬಂದರೂ ಕುಬ್ರಾಗೆ ಬುಲಾವು, ಈಗೀಗ ವಿಡಿಯೋ ಕಾಲ್. ‘ಮನೆಗೆ ಮಾರಿ ಊರಿಗೆ ಉಪಕಾರಿ’ ಎಂದು ಗಂಡ ಹಂಗಿಸುತ್ತಿದ್ದ. ಮೂರು ವರ್ಷಕ್ಕೆ ಆ ಸಂಸಾರ ಮುಗಿದು ಅಮ್ಮಿಯ ಬಳಿಗೇ ವಾಪಸ್ಸು ಬಂದಳು. ಹೊಟ್ಟೆಪಾಡಿಗೆ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕ್ರಯಪತ್ರ, ಬಾಡಿಗೆ ಕರಾರು ಟೈಪ್ ಮಾಡುವ ಕೆಲಸ.

ಕ್ಲಾಸಿಗೆ ಸೇರುವಂತಾದದ್ದು ಒಂದು ಜೀವನಾಂಶದ ಕೇಸಿನಿಂದ. ಕಿವುಡಿ ಹೆಣ್ಣುಮಗಳೊಬ್ಬಳಿಗಾಗಿ ಕೋರ್ಟಿಗೆ ಹೋಗಿದ್ದಳು. ಎದುರು ಪಾರ್ಟಿಯ ವಕೀಲ ಎದ್ದು ನಿಂತು, “ಸ್ವಾಮಿ, ಆಕೆ ಒಂದು ನಿಮಿಷ ಕೈ ಆಡ್ಸಿದ್ರು, ಇವ್ರು ಬರೀ ‘ಹೌದು’ ಅಂದ್ರು. ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು?” ಎಂದ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, “ಏನಮ್ಮಾ, ತರಬೇತಿ ಆಗಿದ್ಯಾ? ಸರ್ಟಿಫಿಕೇಟ್ ಇದ್ಯಾ?” ಎಂದು ಕೇಳಿದರು. ಹುಟ್ಟಿದಾಗಿನಿಂದ ಮಾಡಿದ ಕೆಲಸಕ್ಕೆ ಸರ್ಟಿಫಿಕೇಟ್ ಎಲ್ಲಿಂದ ತರುವುದು? ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಸೇರಿದಳು.

ಮೇಷ್ಟ್ರು ಗುರುಚರಣ್ ತಾನೂ ಕಿವುಡ, ಮೂವತ್ತರ ಹುಡುಗ. ಕೈ ಆಡಿಸಿದರೆ ಫ್ಯಾನು ತಿರುಗಿದ ಹಾಗೆ. ಇವಳ ಸನ್ನೆ ನೋಡಿ ಮೊದಲ ದಿನವೇ, ‘ಇದೆಲ್ಲ ಅಜ್ಜಿಯರ ಕಾಲದ್ದು’ ಎಂದು ಚೇಷ್ಟೆ ಮಾಡಿದ್ದ.

ಆರನೇ ಭಾನುವಾರದ ಪಾಠ ಹಕ್ಕು ಬಿಡುಗಡೆ ಪತ್ರ. ತಾನೇ ನೂರಾರು ಸಲ ಟೈಪ್ ಮಾಡಿದ ಪತ್ರವಾದ್ದರಿಂದ ಕುಬ್ರಾ ಆಕಳಿಸಿದಳು. ಗುರುಚರಣ್ ನಾಟಕ ಮಾಡಿಸಿದ. ತಾನು ಪಾಲು ಬಿಟ್ಟುಕೊಡುವವನು, ಕ್ಲಾಸಿನಲ್ಲಿ ಜೊತೆಗಿದ್ದ ಕಾನೂನು ವಿದ್ಯಾರ್ಥಿನಿ ಶುಭಾ ನೋಂದಣಿ ಅಧಿಕಾರಿ, ಕುಬ್ರಾ ನಡುವೆ ನಿಂತು ಮಾತು ದಾಟಿಸುವವಳು. ಶುಭಾ ಗತ್ತಿನಿಂದ ಕೇಳಿದಳು: “ನಿಮ್ಮ ತಂದೆ ಸ್ವತ್ತಿನಲ್ಲಿ ನಿಮಗಿರೋ ಪಾಲನ್ನ ನಿಮ್ಮಣ್ಣನಿಗೆ ಬಿಟ್ಕೊಡ್ತಿದೀರ. ಯಾರ ಬಲವಂತಾನೂ ಇಲ್ವಾ? ಒಪ್ಪಿಗೆ ಇದ್ಯಾ?”

ಕುಬ್ರಾ ಗುರುಚರಣ್ ಕಡೆ ತಿರುಗಿ ಎರಡೇ ಸನ್ನೆ ಮಾಡಿದಳು: ಮನೆ ಕಾಗದ, ಸೈನ್ ಹಾಕು. ತಕ್ಷಣ ಶುಭಾ ಕಡೆ ತಿರುಗಿ, “ಹ್ಞೂಂ ಮೇಡಂ, ಒಪ್ಪಿಗೆ ಇದೆ” ಎಂದಳು.

ಶುಭಾಗೆ ನಗು ಬಂತು. “ಆಂಟಿ, ಅವ್ರಿನ್ನೂ ಕೈನೇ ಎತ್ತಿಲ್ವಲ್ಲ!”

ಕುಬ್ರಾಳ ತುಟಿ ಆಡಿದ್ದನ್ನು ಕಂಡಿದ್ದ ಗುರುಚರಣ್ ನಗಲಿಲ್ಲ. ಬೋರ್ಡಿನ ಹತ್ತಿರ ಹೋಗಿ ದೊಡ್ಡದಾಗಿ ಬರೆದ: ‘ನಾನು ಏನೂ ಹೇಳಿಲ್ಲ.’

ಆಮೇಲೆ ತಾನೇ ನಿಧಾನವಾಗಿ ತೋರಿಸಿದ. ಇದಕ್ಕೆ ಒಂದೇ ಒಂದು ಸನ್ನೆ ಹುಡುಕಬೇಡಿ. ಮೊದಲು ಗಾಳಿಯಲ್ಲಿ ಕೈಯಿಂದ ಅಪ್ಪನ ಮನೆ ಕಟ್ಟಿ. ಅದರಲ್ಲಿ ಪಾಲು ಮಾಡಿ. ಇದು ನಿನ್ನದು ಎಂದು ಅವರ ಮುಂದಿಡಿ. ಸೈನ್ ಹಾಕಿದರೆ ಇದು ಅಣ್ಣನಿಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಬೇಕೋ, ಬೇಡವೋ? ಇಷ್ಟು ಕೇಳಿ ಕೈ ಕೆಳಗಿಳಿಸಿ. ಅವರ ಕೈ ಏಳುವವರೆಗೆ ಕಾಯಿರಿ. ಎಷ್ಟು ಹೊತ್ತಾದರೂ ಕಾಯಿರಿ.

ಇಂಥದೇ ಪತ್ರಕ್ಕೆ ಕುಬ್ರಾ ಒಮ್ಮೆ ನಿಜವಾಗಿಯೂ ನಡುವೆ ನಿಂತು ಮಾತು ದಾಟಿಸಿದ್ದಳು. ಆಗ ಅವಳಿಗೆ ಹತ್ತೊಂಬತ್ತು. ಅಪ್ಪ ಆಸ್ಪತ್ರೆಯಲ್ಲಿ, ಅವಳು ಎರಡು ರಾತ್ರಿ ನಿದ್ದೆಗೆಟ್ಟಿದ್ದಳು. ಅಮ್ಮಿಯ ಅಣ್ಣ ಮೊಯಿನುದ್ದೀನ್ ಮಾಮು ಆಟೋದಲ್ಲಿ ಬಂದು ಇಬ್ಬರನ್ನೂ ನೋಂದಣಿ ಕಚೇರಿಗೆ ಕರೆದುಕೊಂಡು ಹೋದರು. ಯಶವಂತಪುರದಲ್ಲಿ ನಾನಾನ, ಅಂದರೆ ಅಮ್ಮಿಯ ಅಪ್ಪನ, ಹಳೇ ಮನೆಯಿತ್ತು. “ಖಾತೆ ಕಾಗದ ಬೇಟಾ, ಇನ್ನೇನಿಲ್ಲ” ಎಂದರು. ಪತ್ರ ಕನ್ನಡದಲ್ಲಿತ್ತು, ಮೇಲೆಯೇ ‘ಹಕ್ಕು ಬಿಡುಗಡೆ ಪತ್ರ’ ಎಂದು ಹೆಸರೂ ಇತ್ತು, ಓದಿದಳು. ಅಧಿಕಾರಿ ಕೇಳಿದರು. ಅಮ್ಮಿಗೆ ಅವಳು ಅಂದದ್ದು: ಮನೆ ಕಾಗದ, ಸೈನ್ ಹಾಕು. ಅಧಿಕಾರಿಗೆ ಅಂದದ್ದು: ಒಪ್ಪಿಗೆ ಇದೆ. ‘ಓದಿಸಿ ಕೇಳಿ ಒಪ್ಪಿ ರುಜು ಮಾಡಿರುತ್ತೇನೆ’ ಎನ್ನುವ ಸಾಲಿನ ಕೆಳಗೆ ಅಮ್ಮಿ ತನಗೆ ಬರುತ್ತಿದ್ದ ಐದಾರು ಅಕ್ಷರವನ್ನು ಅಂದವಾಗಿ ಬರೆದರು. ಆ ಮನೆಯ ಜಾಗದಲ್ಲಿ ಈಗ ನಾಲ್ಕಂತಸ್ತು ಎದ್ದಿದೆ, ಮಾಮು ಮಣ್ಣಾಗಿದ್ದಾರೆ. ಅಮ್ಮಿ ಅಂದಿನಿಂದ ಒಂಬತ್ತು ಬಾಡಿಗೆ ಮನೆ ಬದಲಾಯಿಸಿದ್ದಾರೆ.

ಗೊತ್ತಿರಲಿಲ್ಲವೇ ಅವಳಿಗೆ? ಪೂರ್ತಿ ಗೊತ್ತಿರಲಿಲ್ಲ. ಮಾಮುವನ್ನು ನಿಲ್ಲಿಸಿ ಒಂದು ಮಾತು ಕೇಳುವಷ್ಟು ಗೊತ್ತಿತ್ತು. ಕೇಳುವುದಕ್ಕೆ ಮೈಯಲ್ಲಿ ತ್ರಾಣ ಇರಲಿಲ್ಲ, ಅಷ್ಟೇ.

ಕ್ಲಾಸು ಮುಗಿಸಿ ವಾಪಸ್ಸು ಬರುವಾಗ ಹೆಬ್ಬಾಳದ ಫ್ಲೈಓವರ್ ಹತ್ತಿರ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಅವಳು ಬೇಡಿಕೊಂಡದ್ದು ಇನ್ನೂ ಒಂದು ಗಂಟೆ ನಿಲ್ಲಲಿ ಎಂದೇ. ಅಮ್ಮಿಗೆ ಎಪ್ಪತ್ನಾಲ್ಕು. ಕೈಬಿಟ್ಟು ಹೋದದ್ದು ಇನ್ನು ಬರುವುದಿಲ್ಲ, ಹೇಳಿ ನೋಯಿಸುವುದು ಯಾಕೆ ಎಂದು ಒಂದು ಮನಸ್ಸು. ಹೇಳಬೇಕೋ ಬೇಡವೋ ಅನ್ನುವುದನ್ನೂ ಅಮ್ಮಿಯ ಪರವಾಗಿ ತಾನೇ ತೀರ್ಮಾನ ಮಾಡುತ್ತಿದ್ದೇನೆ ಎಂದು ಹೊಳೆದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮನೆಗೆ ಬಂದಾಗ ಮಧ್ಯಾಹ್ನ ಮೂರು. ಅಮ್ಮಿ ಕಿಟಕಿಯ ಬೆಳಕಿಗೆ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ಕುಬ್ರಾ ಎದುರಿಗೆ ಕೂತು, ಮೊಣಕಾಲು ಮುಟ್ಟಿ ಕರೆದಳು. ಅಮ್ಮಿ ಕೈ ಒರೆಸಿಕೊಂಡರು.

ಕುಬ್ರಾ ನಾನಾನ ಮನೆ ಕಟ್ಟಿದಳು. ಮುಂಬಾಗಿಲು, ಬಾವಿ, ಹಿತ್ತಿಲ ಸೀಬೆಮರ. ಅಮ್ಮಿಯ ಮುಖ ಅರಳಿತು. ಅದರಲ್ಲಿ ಪಾಲು ಮಾಡಿದಳು. ಮಾಮುದು ಇಷ್ಟು. ಇದು ನಿನ್ನದು. ಅಮ್ಮಿಯ ಹುಬ್ಬು ಗಂಟಿಕ್ಕಿತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಂದು ದಿನ ಆಟೋದಲ್ಲಿ ಹೋಗಿದ್ದೆವು, ನೀನು ಸೈನ್ ಹಾಕಿದೆ. ಆ ಮನುಷ್ಯ ನಿನ್ನನ್ನು ಒಂದು ಮಾತು ಕೇಳಿದ್ದ. ನಾನು ನಿನಗೆ ಹೇಳಲಿಲ್ಲ. ಅವನು ಕೇಳಿದ್ದು ಇದು: ನಿನ್ನ ಪಾಲು ಅಣ್ಣನಿಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಕೊಡುತ್ತೀಯೋ, ಇಲ್ಲವೋ?

ಕೈ ಕೆಳಗಿಳಿಸಿ ಕಾದಳು. ಹಾಗೆ ಕಾಯುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಅಮ್ಮಿ ಅಳುತ್ತಾರೆ, ಇಲ್ಲವೇ ‘ಹೋಗಲಿ ಬಿಡು, ಆಗ ನೀನಿನ್ನೂ ಚಿಕ್ಕವಳು’ ಎನ್ನುತ್ತಾರೆ ಎಂದುಕೊಂಡಿದ್ದಳು. ಅಮ್ಮಿ ಎರಡನ್ನೂ ಮಾಡಲಿಲ್ಲ. ಅಧಿಕಾರಿಯ ಮುಂದೆ ಕೂತವರ ಹಾಗೆ ನೆಟ್ಟಗೆ ಕೂತರು, ಸೆರಗು ಸರಿಮಾಡಿಕೊಂಡರು, ಬಹಳ ಹೊತ್ತು ಯೋಚಿಸಿದರು. ಕೊನೆಗೆ ಕೈ ಎತ್ತಿ, ಚೂರೂ ಅನುಮಾನವಿಲ್ಲದೆ ಹೇಳಿದರು: ಇಲ್ಲ. ಕೊಡುವುದಿಲ್ಲ.

“ಒಪ್ಪಿಗೆ ಇಲ್ಲ” ಎಂದು ಕುಬ್ರಾ ಬಾಯಿಬಿಟ್ಟು, ಗಟ್ಟಿಯಾಗಿ ಹೇಳಿದಳು. ಕೇಳಿಸಿಕೊಳ್ಳಲು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.