ತೂಕದಮ್ಮನ ಹಸಿರು ಚೀಟಿ

ಹೆದ್ದಾರಿಯಿಂದ ಗೋದಾಮುಗಳ ಕಡೆಗೆ ರಸ್ತೆ ತಿರುಗುವಲ್ಲಿ ಲಾರಿ ತೂಗುವ ವೇಬ್ರಿಜ್ ಒಂದಿದೆ. ನೆಲಕ್ಕೆ ಸಮನಾಗಿ ಹಾಸಿದ ಉದ್ದನೆಯ ಉಕ್ಕಿನ ಹಲಗೆ, ಪಕ್ಕದಲ್ಲಿ ಗಾಜಿನ ಕೋಣೆ, ಕೋಣೆಯೊಳಗೆ ಕುರ್ಚಿ, ಕುರ್ಚಿಯ ಮೇಲೆ ತೂಕದಮ್ಮ. ಹೆತ್ತವರು ಇಟ್ಟ ಹೆಸರು ಬೇರೆ. ಆದರೆ ಲಾರಿ ಓಡಿಸುವವರ ಬಾಯಿಗೆ ಬಿದ್ದ ಮೇಲೆ ಹೆತ್ತವರು ಇಟ್ಟದ್ದು ಯಾರಿಗೆ ಉಳಿದಿದೆ? ಈಗ ಅವಳ ನೆಂಟರೂ ಹಾಗೇ ಕರೆಯುತ್ತಾರೆ.

ಖಾಲಿ ಲಾರಿ ಬಂದಾಗ ಒಂದು ತೂಕ, ಸರಕು ತುಂಬಿಕೊಂಡು ಬಂದಾಗ ಇನ್ನೊಂದು ತೂಕ, ಎರಡನ್ನೂ ಕಳೆದು ಚೀಟಿ ಕೊಡುವುದು ಅವಳ ಕೆಲಸ. ಕೇಳುವುದಕ್ಕೆ ಸುಲಭ. ಆದರೆ ತಕ್ಕಡಿ ಇರುವಲ್ಲಿ ಮೋಸವೂ ಇದ್ದೇ ಇರುತ್ತದೆ. ಒಬ್ಬ ಹಿಂದಿನ ಚಕ್ರವನ್ನು ಹಲಗೆಯಿಂದ ಗೇಣು ಆಚೆ ನಿಲ್ಲಿಸುತ್ತಾನೆ, ಇನ್ನೊಬ್ಬ ಖಾಲಿ ಲಾರಿಯ ಸೀಟಿನ ಹಿಂದೆ ನೀರಿನ ಡ್ರಮ್ಮು ಅಡಗಿಸಿ ತರುತ್ತಾನೆ. ಅವರು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರುವವಳು. "ಡ್ರಮ್ಮು ಇಳಿಸಿ ಬಾ ಅಣ್ಣಾ, ನಾನೆಲ್ಲೂ ಹೋಗಲ್ಲ" ಎಂದು ಗಾಜಿನ ಹಿಂದಿನಿಂದಲೇ ಹೇಳುತ್ತಿದ್ದಳು. ಅವನು ತಲೆ ಕೆರೆದುಕೊಂಡು ಇಳಿಸುತ್ತಿದ್ದ.

ರಸ್ತೆಯ ಆಚೆ ಬದಿಗೆ ಅವಳ ಗಂಡನ ಟೈರ್ ಅಂಗಡಿ. ಜಾಕ್ ಹುಡುಕಿ ತರುವಷ್ಟರಲ್ಲಿ ಇವನೇ ಲಾರಿಗೆ ಹೆಗಲು ಕೊಟ್ಟುಬಿಡುತ್ತಾನೆ ಎಂದು ಯಾರೋ ತಮಾಷೆಗೆ ಅಂದದ್ದು ಹಾಗೇ ಅಂಟಿಕೊಂಡು ಅವನು ಜಾಕಣ್ಣನಾಗಿದ್ದ. ಕುಳ್ಳಗೆ, ಅಗಲಕ್ಕೆ, ಕುತ್ತಿಗೆ ಎಲ್ಲಿ ಮುಗಿಯಿತು ಭುಜ ಎಲ್ಲಿ ಶುರುವಾಯಿತು ಎಂದು ತಿಳಿಯದಂಥ ಮೈಕಟ್ಟು. ಲಾರಿಯ ಟೈರನ್ನು ರಿಮ್ ಸಮೇತ ಎಬ್ಬಿಸಿ, ಮೊಣಕಾಲಿನಿಂದ ಒಂದು ತಳ್ಳು ಕೊಟ್ಟು ಬೋಲ್ಟಿಗೆ ಸರಿಯಾಗಿ ಕೂರಿಸುತ್ತಿದ್ದ. ಹೊಟ್ಟೆಯೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. "ಇದು ಹೊಟ್ಟೆ ಅಲ್ಲ, ಸ್ಟೆಪ್ನಿ" ಎಂದು ಅವನೇ ತಟ್ಟಿಕೊಂಡು ನಗುತ್ತಿದ್ದ. ಮಕ್ಕಳಿಲ್ಲದ ಮನೆ. ಅವನಿಗೆ ಅವಳು, ಅವಳಿಗೆ ಅವನು, ನಡುವೆ ಒಂದು ಅಗಲವಾದ ರಸ್ತೆ.

ಎಲ್ಲ ಕೆಟ್ಟದ್ದು ತೂಕದಮ್ಮನ ಅಣ್ಣನ ಸಾವಿನಿಂದ. ಮುಖಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದವನು ನಿಂತಲ್ಲೇ ಕುಸಿದು ಹೋದ. ಅವನೂ ಭಾರಿ ಆಳು. ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಆಡಿದರು: ದಪ್ಪ ಇದ್ದ, ಹೃದಯ ತಡೆದುಕೊಳ್ಳಲಿಲ್ಲ. ಸಾವಿನ ಮನೆಯಲ್ಲಿ ಜನ ಬಾಯಿಗೆ ಬಂದದ್ದನ್ನು ಆಡಿ, ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಾರೆ. ಕೇಳಿಸಿಕೊಂಡವರು ಅದನ್ನು ಹೊತ್ತು ತಿರುಗಬೇಕು. ತೂಕದಮ್ಮ ಅವತ್ತು ಮನೆಗೆ ಬಂದು, ಊಟಕ್ಕೆ ಕೂತ ಗಂಡನ ಬೆನ್ನನ್ನು ಹಿಂದಿನಿಂದ ನೋಡಿದಳು. ಅಣ್ಣನದೂ ಅಷ್ಟೇ ಅಗಲವಿತ್ತು.

ಅದೇ ದಿನಗಳಲ್ಲಿ ಔಷಧಿ ಅಂಗಡಿಯ ಬಾಗಿಲಲ್ಲಿ ಒಂದು ಯಂತ್ರ ಬಂದು ನಿಂತಿತು. ಮೇಲೆ ಹತ್ತಿ ನಿಂತರೆ ತಲೆಗೆ ಒಂದು ಕಡ್ಡಿ ಇಳಿದು ಎತ್ತರ ಅಳೆಯುತ್ತದೆ, ಕೆಳಗಿನ ಹಲಗೆ ತೂಕ ಹಿಡಿಯುತ್ತದೆ, ಎರಡನ್ನೂ ಸೇರಿಸಿ ಬಿಎಂಐ ಎಂಬ ಅಂಕಿಯನ್ನು ಚೀಟಿಯಲ್ಲಿ ಅಚ್ಚು ಹಾಕುತ್ತದೆ. ಚೀಟಿಯ ಕೆಳಗೆ ಬಣ್ಣದ ಪಟ್ಟಿ. ಹಸಿರಾದರೆ ಕ್ಷೇಮ, ಹಳದಿಯಾದರೆ ಎಚ್ಚರ, ಕೆಂಪಾದರೆ ಅಪಾಯ. ಯಂತ್ರ ಕೊಡುವ ಚೀಟಿಯನ್ನು ತೂಕದಮ್ಮ ನಂಬದೆ ಇನ್ಯಾರು ನಂಬಬೇಕು? ಗಂಡನನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದಳು. ಮೂವತ್ತೆರಡು ಬಂತು, ಕಡುಗೆಂಪು.

"ನಿನ್ನ ವೇಬ್ರಿಜ್ಜಿಗೆ ತಂಗಿ ಬಂದಿದ್ದಾಳೆ," ಎಂದ ಜಾಕಣ್ಣ. "ಇವಳೂ ನಿನ್ನ ಹಾಗೇ, ಮುಖ ನೋಡದೆ ಬೈತಾಳೆ."

"ನಗೋ ವಿಷಯ ಅಲ್ಲ ರೀ. ಕೆಂಪು ಅಂದ್ರೆ ಏನು ಗೊತ್ತಾ?"

"ಗೊತ್ತಿಲ್ದೆ ಏನು, ಲಾರಿ ನಿಲ್ಲಿಸಬೇಕು."

ಮರುದಿನದಿಂದ ಮನೆಯಲ್ಲಿ ಹೊಸ ಕಾನೂನು. ಅನ್ನ ಅರ್ಧ, ಎಣ್ಣೆ ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ, ಬೆಳಗ್ಗೆ ಗೋದಾಮಿನ ಗೋಡೆಗುಂಟ ನಡಿಗೆ. "ಡೀಸೆಲ್ ಹಾಕದೆ ಲೋಡ್ ಎಳಿ ಅಂತೀಯಲ್ಲ, ಇದು ನ್ಯಾಯವೇನೇ?" ಎಂದು ಅವನು ಗೊಣಗುತ್ತಿದ್ದ, ಆದರೂ ಹಾಕಿದ್ದನ್ನು ಉಂಡು ಏಳುತ್ತಿದ್ದ. ಹಗಲೆಲ್ಲ ಟೈರ್ ಎತ್ತುವ ಮೈ ಅದು. ಅಂಕಿ ಒಂದಿಷ್ಟು ಅಲುಗಿ ಅಲ್ಲೇ ಕೂತಿತು. ಕದ್ದು ತಿನ್ನುತ್ತಿದ್ದಾನೆಂದು ತೂಕದಮ್ಮ ಅವನ ಅಂಗಿಯ ಜೇಬು ಮೂಸಿ ನೋಡಿದಳು. ರಬ್ಬರಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಇಬ್ಬರಿಗೂ ಮಾತಿಗೆ ಮಾತು ಬೆಳೆದು ಎರಡು ದಿನ ಮೌನವೂ ಆಯಿತು.

ಆಮೇಲೆ, ಮಾಡಿದ್ದಕ್ಕೆ ಕೊನೆಗೂ ಫಲ ಬಂತು ಎನ್ನುವ ಹಾಗೆ, ಅಂಕಿ ಇಳಿಯತೊಡಗಿತು. ಪ್ರತಿ ತಿಂಗಳೂ ಇಳಿಯಿತು. ಮೂವತ್ತಾಯಿತು, ಇಪ್ಪತ್ತೆಂಟಾಯಿತು. ಚೀಟಿ ಹಳದಿಗೆ ಬಂದ ದಿನ ತೂಕದಮ್ಮ ಅದನ್ನು ಗಾಜಿನ ಕೋಣೆಗೆ ತಂದು ಬರುವವರಿಗೆಲ್ಲ ತೋರಿಸಿದಳು. ಬೀದಿಯ ಹೆಂಗಸರು ತಮ್ಮ ಗಂಡಂದಿರ ಹೊಟ್ಟೆಗೆ ಉಪಾಯ ಕೇಳಿಕೊಂಡು ಬಂದರು. ಜಾಕಣ್ಣ ಈಗ ಗೊಣಗುತ್ತಿರಲಿಲ್ಲ. ಅರ್ಧ ಅನ್ನದಲ್ಲೂ ಅರ್ಧ ಬಿಟ್ಟು, "ಸಾಕು, ಹೊಟ್ಟೆ ತುಂಬಿತು" ಎಂದು ತಟ್ಟೆ ಸರಿಸುತ್ತಿದ್ದ. ಅವನಿಗೆ ಕೊನೆಗೂ ಬುದ್ಧಿ ಬಂತೆಂದು ಅವಳು ತಿಳಿದಳು.

ಆ ತಿಂಗಳಲ್ಲೇ ಒಂದು ಲಾರಿ ಬಂತು. ಬಿಲ್ಲಿನಲ್ಲಿ ಸಿಮೆಂಟು, ತೂಕವೂ ಬಿಲ್ಲಿಗೆ ಸರಿಯಾಗಿತ್ತು. ತೂಕದಮ್ಮ ಚೀಟಿ ಕೊಡಲಿಲ್ಲ, ಹೊರಗೆ ಬಂದು ಲಾರಿಯ ಸುತ್ತ ಒಂದು ಸಲ ನಡೆದಳು.

"ತೂಕ ಸರಿ ಇದೆಯಲ್ಲಮ್ಮ, ಇನ್ನೇನು?" ಎಂದ ಚಾಲಕ.

"ಎಷ್ಟು ಅಂತ ಯಂತ್ರ ಹೇಳುತ್ತೆ. ಏನು ಅಂತ ನಾನು ನೋಡ್ಬೇಕು. ಇಷ್ಟೇ ತೂಕದ ಸಿಮೆಂಟು ಈ ಎತ್ತರ ಬರಲ್ಲ, ಟಾರ್ಪಾಲು ಬಿಚ್ಚು."

ಕೆಳಗೆ ಕಲ್ಲುಪುಡಿ, ಮೇಲೆ ಹೊಟ್ಟಿನ ಮೂಟೆ. ಗೋದಾಮಿನವರು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಇಷ್ಟು ತಿಳಿದವಳು ಸಂಜೆ ಮನೆಗೆ ಹೋಗಿ, ಅಂಗಿ ಬಿಚ್ಚಿ ಕೂತಿದ್ದ ಗಂಡನ ಸುತ್ತ ಒಂದು ಸಲ ನಡೆದು ನೋಡಬಾರದಿತ್ತೇ? ಹೊಟ್ಟೆಯಷ್ಟೇ ಅಲ್ಲ, ತೋಳೂ ಕರಗಿತ್ತು, ಭುಜದ ಮೂಳೆ ಎದ್ದಿತ್ತು, ಕುತ್ತಿಗೆ ಎಲ್ಲಿ ಮುಗಿಯುತ್ತದೆಂದು ಈಗ ಯಾರು ಬೇಕಾದರೂ ಹೇಳಬಹುದಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ. ಅವಳು ನೋಡಿದ್ದು ಚೀಟಿಯನ್ನು ಮಾತ್ರ.

ಇಪ್ಪತ್ತನಾಲ್ಕು ಬಂತು. ಪಟ್ಟಿ ಹಸಿರಾಯಿತು. ತೂಕದಮ್ಮ ಔಷಧಿ ಅಂಗಡಿಯ ಮೆಟ್ಟಿಲ ಮೇಲೆಯೇ ಗಂಡನ ಕೈ ಹಿಡಿದುಕೊಂಡಳು. ಮದುವೆಯಾದ ಹೊಸದರಲ್ಲೂ ಬೀದಿಯಲ್ಲಿ ಹಿಡಿದವಳಲ್ಲ. ಹಳೇ ಪ್ಯಾಂಟುಗಳು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ಹೊಸ ಬಟ್ಟೆ ಕೊಡಿಸಿದಳು, ಫೋಟೋ ತೆಗೆಸಿದಳು. ಫೋಟೋದಲ್ಲಿ ಅವಳ ಮುಖ ಅರಳಿದೆ. ಅವನು ಅವಳ ಕಡೆಗೆ ನೋಡುತ್ತಿದ್ದಾನೆ.

ಒಂದು ಮಧ್ಯಾಹ್ನ ಅವಳ ಮೈದುನ, ಜಾಕಣ್ಣನ ಜೊತೆಯಲ್ಲೇ ಅಂಗಡಿ ನೋಡಿಕೊಳ್ಳುವವನು, ರಸ್ತೆ ದಾಟಿ ಬಂದು ಗಾಜಿನ ಕೋಣೆಯ ಬಾಗಿಲಲ್ಲಿ ನಿಂತ.

"ಅತ್ತಿಗೆ, ಅಣ್ಣ ಈಗ ಟೈರ್ ಎತ್ತಲ್ಲ. ಉರುಳಿಸ್ತಾನೆ ಅಷ್ಟೆ. ಆಮೇಲೆ ಕೂತ್ಕೋತಾನೆ."

"ವಯಸ್ಸಾಯ್ತಲ್ಲಪ್ಪ, ನೀನು ಎತ್ತು."

"ಅದಲ್ಲ ಅತ್ತಿಗೆ. ಬಹಳ ಇಳಿದುಹೋದ. ನೋಡೋಕೆ ಆಗ್ತಿಲ್ಲ. ಒಂದ್ಸಲ ಡಾಕ್ಟರ್ ಹತ್ರ..."

ತೂಕದಮ್ಮನಿಗೆ ಎಲ್ಲಿತ್ತೋ ಸಿಟ್ಟು. "ದಪ್ಪ ಇದ್ದಾಗ ಒಬ್ಬರಾದ್ರೂ ಕೇಳಿದ್ರಾ? ನಾನು ಕಷ್ಟಪಟ್ಟು ಇಳಿಸಿದ್ದೀನಿ. ಚೀಟಿ ಹಸಿರಿದೆ, ನಿಮ್ಮ ಕಣ್ಣೇ ಕೆಂಪು. ನನ್ನಣ್ಣನ ಹಾಗೆ ಇವರೂ ಬೀಳಲಿ ಅಂತ ಕಾಯ್ತಿದ್ದೀರಾ?" ಎಂದುಬಿಟ್ಟಳು. ಮೈದುನ ಅವಳಿಗೆ ಎದುರಾಡುವವನಲ್ಲ. ಬಾಗಿಲು ಮೆತ್ತಗೆ ಮುಚ್ಚಿಕೊಂಡು ಹೋದ. ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳಲು ಆಗುವಂತಿದ್ದರೆ ತೂಕದಮ್ಮ ಇವತ್ತಿಗೂ ನೆಲ ತಡಕುತ್ತಿದ್ದಳು.

ಮುಂದಿನ ಸಲ ಮೈದುನ ರಸ್ತೆ ದಾಟಿದ್ದು ಓಡಿಕೊಂಡು. ಜಾಕಣ್ಣ ಲಾರಿಯ ಚಕ್ರಕ್ಕೆ ಒರಗಿ ಕೂತವನು ಏಳಲಿಲ್ಲ, ವಾಂತಿಯಲ್ಲಿ ಕಪ್ಪಗೆ ರಕ್ತ ಬಂದಿತ್ತು. ದೊಡ್ಡಾಸ್ಪತ್ರೆಯಲ್ಲಿ ಬಾಯಿಯಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡಿದರು. ಒಂದು ವಾರದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದರು.

"ತೂಕ ಬಹಳ ಇಳಿದಿದೆ. ನೀವಾಗಿ ಇಳಿಸಿದ್ದಾ, ತಾನಾಗಿ ಇಳಿದಿದ್ದಾ?"

ತೂಕದಮ್ಮ ಬಾಯಿ ತೆರೆಯುವ ಮುಂಚೆ ಜಾಕಣ್ಣ, "ಇವಳೇ ಇಳಿಸಿದ್ದು ಡಾಕ್ಟ್ರೇ. ಅಡುಗೆಮನೆಗೆ ಬೀಗ ಹಾಕಿದ್ದಾಳೆ" ಎಂದ.

ಅವಳು ಚೀಲದಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. "ಹಸಿರಿನಲ್ಲೇ ಇದ್ದಾರಲ್ಲ ಡಾಕ್ಟ್ರೇ," ಎಂದಳು. ಆ ಹೊತ್ತಿನಲ್ಲೂ ಅವಳಿಗೆ ಅದರ ಮೇಲೆ ಭರವಸೆ ಇತ್ತು.

ಡಾಕ್ಟರಮ್ಮ ಚೀಟಿ ನೋಡಿ ಪಕ್ಕಕ್ಕಿಟ್ಟು, ಜಾಕಣ್ಣನ ಕಡೆಗೆ ತಿರುಗಿದರು. "ಹಸಿವು ಆಗ್ತಿತ್ತಾ ನಿಮಗೆ?"

ಅವನು ಹೆಂಡತಿಯ ಮುಖ ನೋಡಿದ. "ಇಲ್ಲ. ಎರಡು ತುತ್ತಿಗೇ ಹೊಟ್ಟೆ ತುಂಬಿಬಿಡೋದು."

"ಎಷ್ಟು ದಿನದಿಂದ?"

"ಆಯ್ತು ಬಹಳ ದಿನ. ಆಗ ಚೀಟಿ ಇನ್ನೂ ಹಳದಿ ಇತ್ತು."

ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಡಾಕ್ಟರಮ್ಮ ಹೇಳಿದರು. ಆಗಲೇ ಬಂದಿದ್ದರೆ ಕತ್ತರಿಸಿ ತೆಗೆಯಬಹುದಿತ್ತು, ಈಗ ಹರಡಿದೆ ಎಂದೂ ಹೇಳಿದರು. ಅವರು ಒಳ್ಳೆಯವರು, ತೂಕದಮ್ಮನನ್ನು ಬೈಯಲಿಲ್ಲ. "ಆ ಅಂಕಿ ಪೂರ್ತಿ ಸುಳ್ಳಲ್ಲಮ್ಮ. ಸಾವಿರಾರು ಜನರನ್ನ ಒಟ್ಟಿಗೆ ನೋಡುವಾಗ ಅದರಿಂದ ಉಪಯೋಗ ಇದೆ. ಆದರೆ ಒಬ್ಬ ಮನುಷ್ಯನಲ್ಲಿ ಖಂಡ ಎಷ್ಟು, ಕೊಬ್ಬು ಎಷ್ಟು ಅಂತ ಅದಕ್ಕೆ ತಿಳಿಯಲ್ಲ. ಕೆಂಪಿದ್ದಾಗ ಇವರು ಬಹುಶಃ ಗಟ್ಟಿಮುಟ್ಟಾಗೇ ಇದ್ರು," ಎಂದರು. ಸಮಾಧಾನಕ್ಕೆಂದು ಹೇಳಿದ ಆ ಕೊನೆಯ ಮಾತೇ ಅವಳ ಎದೆಗೆ ಬಂದು ನಾಟಿತು.

ಮುಂದಿನದನ್ನು ಹಿಗ್ಗಿಸಿ ಹೇಳಿ ಫಲವಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ತೂಕದಮ್ಮ ತುಪ್ಪ, ಮೊಟ್ಟೆ, ಬೆಲ್ಲ ಎಲ್ಲವನ್ನೂ ತಂದು ಅವನ ಮುಂದಿಟ್ಟಳು. ಅವನು ಅವಳಿಗಾಗಿ ಬಾಯಿಗೆ ಮುಟ್ಟಿಸಿ ಕೆಳಗಿಡುತ್ತಿದ್ದ. ಮೈದುನನ ಮನೆಗೆ ಹೋಗಿ ತಪ್ಪಾಯಿತೆಂದು ಅತ್ತಳು. ಆ ವರ್ಷ ಮುಗಿಯುವುದರೊಳಗೆ ಜಾಕಣ್ಣ ಹೋದ, ನಾಲ್ಕು ಜನ ಎತ್ತಬೇಕಾದವನನ್ನು ಇಬ್ಬರು ಎತ್ತಿದರು. ಅವಳು ಈಗಲೂ ಗಾಜಿನ ಕೋಣೆಯಲ್ಲಿ ಕೂತು ಲಾರಿ ತೂಗುತ್ತಾಳೆ. ಅವಳಿಗೆ ಗೊತ್ತಾಗಲಿಲ್ಲ ಎನ್ನುವುದನ್ನು ಹೇಗೋ ನುಂಗಿಕೊಂಡಿದ್ದಾಳೆ. ಅವನಿಗೆ ಗೊತ್ತಿತ್ತು ಎನ್ನುವುದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ.

ಅದನ್ನು ಅವನು ಹೇಳಿದ್ದು ರೋಗದ ಹೆಸರು ತಿಳಿದ ದಿನವೇ, ಡಾಕ್ಟರಮ್ಮನ ಕೋಣೆಯಿಂದ ಹೊರಗೆ ಬಂದು, ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತಾಗ. ಮೈದುನ ಔಷಧಿ ತರಲು ಹೋಗಿದ್ದ. ನೆಲ ಒರೆಸುವವಳು ಬಂದು ಕಾಲೆತ್ತಿ ಎಂದಳು. ಇಬ್ಬರೂ ಕಾಲೆತ್ತಿದರು. ಅವಳು ಆಚೆ ಹೋದ ಮೇಲೆ ತೂಕದಮ್ಮ ಕೇಳಿದಳು.

"ಊಟ ಸೇರ್ತಿಲ್ಲ ಅಂತ ನನಗೆ ಯಾಕ್ರೀ ಹೇಳಲಿಲ್ಲ?"



"ನಿನ್ನಣ್ಣ ಹೋದ ಮೇಲೆ ನೀನು ರಾತ್ರಿ ಏಳ್ತಿದ್ದೆ," ಎಂದ. "ಎದ್ದು ನನ್ನ ಮೂಗಿನ ಹತ್ರ ಕೈ ಹಿಡಿದು ನೋಡ್ತಿದ್ದೆ, ಉಸಿರಾಡ್ತಿದ್ದೀನಾ ಅಂತ. ನನಗೆ ಎಚ್ಚರ ಆಗೋದು. ಸುಮ್ನೆ ಬಿದ್ಕೊಂಡಿರ್ತಿದ್ದೆ."

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಚೀಟಿ ಇಳಿಯೋಕೆ ಶುರುವಾದ ಮೇಲೆ ನೀನು ಏಳೋದು ಕಮ್ಮಿ ಆಯ್ತು. ಹಸಿರಾದ ಮೇಲೆ ಪೂರ್ತಿ ನಿಂತೇಹೋಯ್ತು. ನೀನು ಗೊರಕೆ ಹೊಡ್ಕೊಂಡು ಮಲಗ್ತಿದ್ದೆ. ನಾನು ನಾಳೆ ಹೇಳೋಣ, ನಾಳೆ ಹೇಳೋಣ ಅಂತಾನೇ ಇದ್ದೆ. ಪಾಪ, ಇನ್ನು ನಾಲ್ಕು ದಿನ ಮಲಗಲಿ ಅಂತ ಬಿಟ್ಟೆ."

ತೂಕದಮ್ಮನಿಗೆ ಅವನನ್ನು ಬೈಯಬೇಕು ಅನ್ನಿಸಿತು. ಅವನ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು. ಎರಡೂ ಆಗಲಿಲ್ಲ. ಆಗ ಜಾಕಣ್ಣ ಅವಳ ಕೈ ಎತ್ತಿ, ಎದುರು ಬೆಂಚಿನವರು ನೋಡುತ್ತಿದ್ದರೂ ಲೆಕ್ಕಿಸದೆ, ತನ್ನ ಮೂಗಿನ ಹತ್ತಿರ ಹಿಡಿದುಕೊಂಡ.

"ಬರ್ತಿದೆ ನೋಡ್ಕೋ," ಎಂದ.

ಬೆರಳಿಗೆ ಅವನ ಉಸಿರು ಬಿಸಿಯಾಗಿ ತಾಗಿತು. ಮೈದುನ ಔಷಧಿ ತಂದು ಎದುರಿಗೆ ನಿಲ್ಲುವವರೆಗೂ ಅವಳು ಕೈ ತೆಗೆಯಲಿಲ್ಲ.